ಲಾಗ ಮೊದಲು, ಹಿಮ ಆಮೇಲೆ

ಬೆಂಗಳೂರಿನ ವಿದ್ಯಾರಣ್ಯಪುರದ ಮಗುವೊಂದು ಟೀವಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನೋಡಿ "ನಾನೂ ಸ್ಕೀಯಿಂಗ್ ಮಾಡ್ತೀನಿ" ಅಂದರೆ ಅಪ್ಪ ಅಮ್ಮ ನಕ್ಕು ಸುಮ್ಮನಾಗುತ್ತಾರೆ. 2022ರ ಬೀಜಿಂಗ್‌ನಲ್ಲಿ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದ ಐಲೀನ್ ಗು ಮೂರನೇ ವಯಸ್ಸಿಗೇ ಹಿಮದ ಮೇಲೆ ನಿಂತವಳು. ನಮ್ಮಲ್ಲಿ ಡಿಸೆಂಬರ್ ಮುಂಜಾವಿಗೆ ದೊಡ್ಡಬೊಮ್ಮಸಂದ್ರ ಕೆರೆಯ ಮೇಲೆ ಮಂಜು ಕವಿದರೆ ಅದೇ ಹೆಚ್ಚು. ಆದರೂ ನಗುವ ಮುಂಚೆ ಇನ್ನೊಂದು ಹೆಸರು ಕೇಳಿ: ಅಲಿಸಾ ಕ್ಯಾಂಪ್ಲಿನ್. ಮೆಲ್ಬರ್ನ್‌ನ ಈ ಜಿಮ್ನಾಸ್ಟ್ ಸ್ಕೀ ಕಟ್ಟಿದ್ದು ಹತ್ತೊಂಬತ್ತರ ಸುಮಾರಿಗೆ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಏರಿಯಲ್ಸ್ ಚಿನ್ನ ಅವಳದು. ಗಾಳಿಯಲ್ಲಿ ದೇಹವನ್ನು ಹೇಗೆ ತಿರುಗಿಸಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು. ಹಿಮ ಆಮೇಲೆ ಬಂತು.

ನಮ್ಮ ದಾರಿಯೂ ಅದೇ.

ಮೊದಲು ಮಗುವಿಗೆ ಯಾವ ಸ್ಕೀಯಿಂಗ್ ಬೇಕು ಎಂದು ಕೇಳಿಕೊಳ್ಳಿ. ಇಳಿಜಾರಿನಲ್ಲಿ ಗೇಟುಗಳ ನಡುವೆ ವೇಗವಾಗಿ ಇಳಿಯುವುದು ಅಲ್ಪೈನ್. ಬಯಲಲ್ಲಿ, ಏರಿನಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗುವುದು ಕ್ರಾಸ್‌ಕಂಟ್ರಿ. ಫ್ರೀಸ್ಟೈಲ್ ಎಂಬುದು ಒಂದು ಕುಟುಂಬ: ಹಿಮದ ದಿಬ್ಬಗಳ ಮೇಲೆ ಕುಪ್ಪಳಿಸುತ್ತ ಇಳಿಯುವ ಮೊಗಲ್ಸ್, ಗಾಳಿಯಲ್ಲಿ ಲಾಗ ಹಾಕುವ ಏರಿಯಲ್ಸ್, ಸ್ಕೀ ಕ್ರಾಸ್, ಹಾಫ್‌ಪೈಪ್, ಸ್ಲೋಪ್‌ಸ್ಟೈಲ್, ಬಿಗ್ ಏರ್. ಮೊಗಲ್ಸ್‌ಗೆ ಒಲಿಂಪಿಕ್ ಪದಕ ಸಿಕ್ಕಿದ್ದು 1992ರಲ್ಲಿ, ಫ್ರೀಸ್ಟೈಲ್ ಬಿಗ್ ಏರ್ ಸೇರಿದ್ದು 2022ರಲ್ಲಿ. ಅಂದರೆ ಈ ಆಟಕ್ಕೇ ಇನ್ನೂ ಎಳೆವಯಸ್ಸು.

ಐದರಿಂದ ಹತ್ತು ವರ್ಷದೊಳಗೆ ಜಿಮ್ನಾಸ್ಟಿಕ್ಸ್‌ಗೆ ಸೇರಿಸಿ. ಯಲಹಂಕ, ಹೆಬ್ಬಾಳದ ಕಡೆ ತರಗತಿ ಹುಡುಕುವಾಗ ಬಣ್ಣದ ಪೋಸ್ಟರ್ ನೋಡಿ ಮರುಳಾಗಬೇಡಿ. ದಪ್ಪ ಮ್ಯಾಟ್ ಇದೆಯೇ, ಟ್ರ್ಯಾಂಪೊಲಿನ್ ಇದೆಯೇ, ಮಗುವಿಗೆ ಬೀಳುವುದನ್ನು ಕಲಿಸುತ್ತಾರೆಯೇ ಎಂದು ವಿಚಾರಿಸಿ. ಬೀಳಲು ಬಾರದವರಿಗೆ ಫ್ರೀಸ್ಟೈಲ್ ಇಲ್ಲ. ಜೊತೆಗೆ ಇನ್‌ಲೈನ್ ಸ್ಕೇಟಿಂಗ್ ಇರಲಿ. ಚಕ್ರಗಳು ಒಂದೇ ಸಾಲಿನಲ್ಲಿರುವ ಈ ಸ್ಕೇಟ್‌ನಲ್ಲಿ ಮೈ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಿ ತಿರುಗುವ ಅಭ್ಯಾಸ ನೇರವಾಗಿ ಸ್ಕೀಗೆ ಬರುತ್ತದೆ. ಅಭ್ಯಾಸ ರಿಂಕ್‌ನಲ್ಲೇ ನಡೆಯಲಿ. ಬಿಇಎಲ್ ಲೇಔಟಿನ ಒಳರಸ್ತೆ ಬೆಳಿಗ್ಗೆ ಆರಕ್ಕೆ ಎಷ್ಟೇ ಖಾಲಿ ಕಂಡರೂ ಹಾಲಿನ ಗಾಡಿ, ಬೀದಿನಾಯಿ, ಅಗೆದು ಬಿಟ್ಟ ಗುಂಡಿ ಮೂರೂ ಕಾದಿರುತ್ತವೆ. ಹೆಲ್ಮೆಟ್, ಮೊಣಕಾಲಿನ ಪ್ಯಾಡ್, ಮಣಿಕಟ್ಟಿನ ಗಾರ್ಡ್ ಇಲ್ಲದೆ ಬೇಡವೇ ಬೇಡ.

ಹನ್ನೊಂದು ಹನ್ನೆರಡಕ್ಕೆ ಹಿಮ ತೋರಿಸಿ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ; ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸೀಸನ್. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲಿದೆ. ಉತ್ತರಾಖಂಡದ ಔಲಿ, ಮನಾಲಿ ಬಳಿಯ ಸೋಲಂಗ್‌ನಲ್ಲೂ ಕಲಿಯಬಹುದು. ವಯೋಮಿತಿ, ಶುಲ್ಕ ಪ್ರತಿ ವರ್ಷ ಬದಲಾಗುವುದರಿಂದ ಅರ್ಜಿಗೆ ಮೊದಲು ಸಂಸ್ಥೆಗೇ ಫೋನ್ ಮಾಡಿ. ನಮ್ಮದೇ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲೂ ವಿಚಾರಿಸುವುದು ಒಳ್ಳೆಯದು. ಮೊದಲ ಸಲಕ್ಕೆ ಸ್ಕೀ, ಬೂಟು ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತವೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಗಿಸುವಾಗ ಮಾತ್ರ ಮಗುವಿನ ತೂಕ, ಎತ್ತರವನ್ನು ಸರಿಯಾಗಿ ಹೇಳಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳಬೇಕು. ಕಳಚದಿದ್ದರೆ ಮೊಣಕಾಲಿನ ಲಿಗಮೆಂಟ್ ತಿರುಚುತ್ತದೆ.

ನಿಜವಾದ ಅಡ್ಡಿ ಹಣಕ್ಕಿಂತ ಕ್ಯಾಲೆಂಡರ್ ಅನ್ನುವುದು ನನ್ನ ಅನಿಸಿಕೆ. ನಮ್ಮ ದಸರಾ ರಜೆಗೆ ಗುಲ್ಮಾರ್ಗ್‌ನಲ್ಲಿ ಸ್ಕೀ ಮಾಡುವಷ್ಟು ಹಿಮ ಇರುವುದಿಲ್ಲ, ಬೇಸಿಗೆ ರಜೆ ಬರುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಹಿಮ ಚೆನ್ನಾಗಿರುವ ಜನವರಿ, ಫೆಬ್ರವರಿಯಲ್ಲಿ ಇಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಜೂನ್‌ನಲ್ಲೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಹದಿನೈದು ದಿನದ ರಜೆ ಬರವಣಿಗೆಯಲ್ಲಿ ಕೇಳಿಡಿ. ಹತ್ತನೇ ತರಗತಿಯ ವರ್ಷ ಹಿಮದ ಮಾತೆತ್ತದಿದ್ದರೆ ಮನೆಯಲ್ಲಿ ಶಾಂತಿ.

ಆಮೇಲಿನ ಮೆಟ್ಟಿಲು ಸ್ಪರ್ಧೆ. 2020ರಲ್ಲಿ ಶುರುವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಅಲ್ಪೈನ್, ನಾರ್ಡಿಕ್ (ಕ್ರಾಸ್‌ಕಂಟ್ರಿ ಇದರೊಳಗೆ), ಸ್ನೋಬೋರ್ಡ್ ವಿಭಾಗಗಳಿವೆ. ಹಾಗಾಗಿ ಫ್ರೀಸ್ಟೈಲ್ ಕನಸಿನ ಮಗುವೂ ಮೊದಲು ಅಲ್ಪೈನ್‌ನಲ್ಲಿ ಗಟ್ಟಿಯಾಗಬೇಕು. ಇಳಿಯಲು ಬಾರದೆ ಹಾರಿದರೆ ನೆಲ ಮುಟ್ಟುವಾಗ ಗೊತ್ತಾಗುತ್ತದೆ. ಇಲ್ಲಿ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ದಾರಿ ಗಮನಿಸಿ. ಎನ್‌ಸಿಸಿ, ಪರ್ವತಾರೋಹಣ, ಆಮೇಲೆ ಕ್ರಾಸ್‌ಕಂಟ್ರಿ ಸ್ಕೀ. 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ವಿಶ್ವ ಚಾಂಪಿಯನ್‌ಷಿಪ್, ಮುಂದೆ ಚಿಲಿಯಲ್ಲಿ 5 ಕಿ.ಮೀ. ಸ್ಪರ್ಧೆಯಲ್ಲಿ ಕಂಚು. ಕಾಫಿ ತೋಟದ ನಾಡಿನಿಂದ ಅಲ್ಲಿಗೆ ಹೋದವರಿದ್ದಾರೆ. ಗುಲ್ಮಾರ್ಗ್ ಪಕ್ಕದ ತಂಗ್‌ಮಾರ್ಗ್‌ನ ಆರಿಫ್ ಖಾನ್‌ಗೆ ಹಿಮ ಮನೆಬಾಗಿಲಲ್ಲೇ ಇತ್ತು. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಕ್ರೀಡಾಪಟು ಅವರು. ಅಲ್ಪೈನ್‌ನ ಜೈಂಟ್ ಸ್ಲಾಲಮ್‌ನಲ್ಲಿ 45ನೇ ಸ್ಥಾನ.

ಅಂತರರಾಷ್ಟ್ರೀಯ ಸ್ಪರ್ಧೆಗೆ ರಾಷ್ಟ್ರೀಯ ಸ್ಕೀ ಒಕ್ಕೂಟದ ಮೂಲಕ ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ನಿನ ನೋಂದಣಿ ಬೇಕು. ಅಲ್ಲಿಂದ ಪ್ರತಿ ಸ್ಪರ್ಧೆಯ ಅಂಕಗಳೇ ನಿಮ್ಮ ಜಾತಕ. ಈ ಹಂತದಲ್ಲಿ ಹೊರದೇಶದ ತರಬೇತಿ ಅನಿವಾರ್ಯ. ಗಾಳಿ ತುಂಬಿದ ದಿಂಬಿನ ಮೇಲೆ ಇಲ್ಲವೇ ನೀರಿಗೆ, ಸ್ಕೀ ಕಟ್ಟಿಕೊಂಡೇ ನೂರಾರು ಸಲ ಹಾರಿ ಲಾಗ ಪಕ್ಕಾ ಆದಮೇಲೆ ಹಿಮ. ಕ್ಯಾಂಪ್ಲಿನ್ ಕಲಿತದ್ದೂ ಹೀಗೇ, ಮೆಲ್ಬರ್ನ್ ಹೊರವಲಯದ ಕೆಸರು ನೀರಿಗೆ ಹಾರಿ ಹಾರಿ.

ಕೊನೆಗೊಂದು ಕಾಗದದ ಕೆಲಸ. ನಿಮ್ಮ ಆರೋಗ್ಯ ವಿಮೆಯ ಪಾಲಿಸಿ ತೆಗೆದು 'ಸಾಹಸ ಕ್ರೀಡೆ' ಎಂಬ ಪದ ಎಲ್ಲಿದೆ ಹುಡುಕಿ. ಬಹಳ ಸಲ ಅದು ಕವರ್ ಆಗದವುಗಳ ಪಟ್ಟಿಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಶ್ರೀನಗರದ ಟಿಕೆಟ್ ಬುಕ್ ಮಾಡುವ ಮೊದಲೇ ಬೇರೆ ವಿಮೆ ಮಾಡಿಸಿ.