ಲೋಣಾವಳಾದಲ್ಲಿ ಚಿಕ್ಕಿ ಅಂಗಡಿ ಇಡುವವರಿಗೆ

ಶೇಂಗಾ, ಬೆಲ್ಲ, ದಾರಿಯಲ್ಲಿ ನಿಲ್ಲುವ ಮುಂಬೈ ಗಿರಾಕಿ ಇಷ್ಟಿದ್ದರೆ ಲೋಣಾವಳಾದಲ್ಲಿ ಚಿಕ್ಕಿ ವ್ಯಾಪಾರ ನಡೆಯುತ್ತದೆ ಎಂದುಕೊಂಡು ಬರುವವರಿದ್ದಾರೆ. ಕಾಗದಪತ್ರದ ಮಾತೆತ್ತಿದರೆ ಅವರೇ ಹೆದರಿ ಏಜೆಂಟರ ಹಿಂದೆ ಬೀಳುತ್ತಾರೆ. ಹೆದರಬೇಡಿ, ಒಂದೊಂದಾಗಿ ನೋಡೋಣ.

ಮೊದಲನೆಯದು ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಇದಿಲ್ಲದೆ ಪಾಕಕ್ಕೆ ಒಲೆ ಹೊತ್ತಿಸುವಂತಿಲ್ಲ. ಸಣ್ಣವರಿಗೆ ನೋಂದಣಿ ಸಾಕು, ವಹಿವಾಟು ದೊಡ್ಡದಾದರೆ ಲೈಸೆನ್ಸ್ ಬೇಕು. ನಂಬರು ಸಿಕ್ಕಿದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ಊರಿನ ಹೆಸರಾಂತ ಮಗನ್‌ಲಾಲ್ ಚಿಕ್ಕಿಯ ತಯಾರಿಕೆ, ಮಾರಾಟವನ್ನೇ 2018ರ ಡಿಸೆಂಬರಿನಲ್ಲಿ ರಾಜ್ಯದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) ನಿಲ್ಲಿಸಿತ್ತು. ಸರಕನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಲ್ಲ ಎಂಬುದು ಅಧಿಕಾರಿಗಳ ಆಕ್ಷೇಪ.

ಯಾವುದಾದರೂ ಒಳ್ಳೆಯ ಚಿಕ್ಕಿ ಪ್ಯಾಕೆಟ್ ಕೊಂಡು ಹಿಂಬದಿ ಓದಿ. ಅರ್ಧ ಪಾಠ ಅಲ್ಲೇ ಇದೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಏನೇನು ಹಾಕಿದೆ, ನಿವ್ವಳ ತೂಕ, ಎಂಆರ್‌ಪಿ, ತಯಾರಾದ ದಿನ, ತಯಾರಕರ ವಿಳಾಸ, ದೂರು ಹೇಳಲು ಫೋನು, ಸಸ್ಯಾಹಾರದ ಹಸಿರು ಗುರುತು. ಶೇಂಗಾ ಕೆಲವರಿಗೆ ಅಲರ್ಜಿ, ಆದ್ದರಿಂದ ಅದಿದೆ ಎಂದೂ ಬರೆಯಬೇಕು. ತೂಕ, ಬೆಲೆಯ ವಿಚಾರ ನೋಡುವವರು ತೂಕ ಮತ್ತು ಅಳತೆ ಇಲಾಖೆಯವರು. ನಿಮ್ಮ ತಕ್ಕಡಿಗೂ ಅವರ ಮುದ್ರೆ ಬೇಕು.

ಇನ್ನು ಅಂಗಡಿಯ ನೋಂದಣಿ. ಇಲ್ಲಿನವರು 'ಗುಮಾಸ್ತಾ' ಅನ್ನುವುದು ಇದನ್ನೇ. ಮಹಾರಾಷ್ಟ್ರದ 2017ರ ಕಾಯ್ದೆಯಂತೆ ಕೈಬೆರಳೆಣಿಕೆಯ ಕೆಲಸಗಾರರಿದ್ದರೆ ನೋಂದಣಿಯೇ ಬೇಡ. ವ್ಯಾಪಾರ ಶುರುವಾದ 60 ದಿನದೊಳಗೆ ಆನ್‌ಲೈನಿನಲ್ಲಿ ತಿಳಿಸಿ ರಸೀದಿ ಇಟ್ಟುಕೊಳ್ಳಿ. ಬೋರ್ಡು ಮಾತ್ರ ದೇವನಾಗರಿಯಲ್ಲಿ ಮರಾಠಿಯಲ್ಲಿರಲೇಬೇಕು, 2022ರ ತಿದ್ದುಪಡಿಯಿಂದ ಸಣ್ಣ ಅಂಗಡಿಗಳಿಗೂ ಇದು ಕಡ್ಡಾಯ. ಕನ್ನಡದಲ್ಲೂ ಬರೆಸಿ, ಆದರೆ ಮರಾಠಿ ಅಕ್ಷರ ಅದಕ್ಕಿಂತ ಚಿಕ್ಕದಾಗಬಾರದು. ಬೆಂಗಳೂರಿನಲ್ಲಿ ಕನ್ನಡ ಬೋರ್ಡು ಕೇಳುವ ನಾವು ಇಲ್ಲಿ ಗೊಣಗುವುದು ಚೆನ್ನಲ್ಲ.

ನಮ್ಮವರು ಎಡವುವುದು ಜಿಎಸ್‌ಟಿಯಲ್ಲಿ. ಸರಕು ಮಾರುವವರಿಗೆ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ ಎಂಬುದನ್ನು ಕೇಳಿರುತ್ತಾರೆ. ಆ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ಹುಬ್ಬಳ್ಳಿಯ ಅಂಗಡಿಗೆ ಹತ್ತು ಡಬ್ಬಿ ಚಿಕ್ಕಿ ಮಾರಿ ಕಳಿಸಿದರೂ ಅದು ಅಂತರರಾಜ್ಯ ವ್ಯಾಪಾರ. ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಪಾರ್ಸೆಲ್ ಕಟ್ಟುವ ಮೊದಲು ಇದನ್ನು ಮುಗಿಸಿಕೊಳ್ಳಿ.

ವೃತ್ತಿ ತೆರಿಗೆಯ ಲೆಕ್ಕ ಅಕೌಂಟೆಂಟರನ್ನು ಕೇಳಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಕಡ್ಡಾಯವಲ್ಲ, ಬ್ಯಾಂಕ್ ಸಾಲಕ್ಕೆ ಅನುಕೂಲ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಅದಕ್ಕೆ ಶುಲ್ಕವೇ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ.