ಬಕೆಟ್ಟು ಮತ್ತು ಚಿಲಕ

"ಅದೊಂದನ್ನೇ ಓಡಿಸಿದ್ರೆ ಪಾಸಾಗತ್ತೆ ಚಿಕ್ಕಪ್ಪಾ, ರಾತ್ರಿ ಎಲ್ಲದರ ಜೊತೆ ಓಡಿದ್ರೆ ಫೇಲು" ಅಂತ ಮೊನ್ನೆ ಫೋನಿನಲ್ಲಿ ಗೋಳಾಡಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂಥ ಟೆಸ್ಟನ್ನು ಮತ್ತೆ ಮತ್ತೆ ಓಡಿಸಿ, ಒಂದು ಸಲ ಹಸಿರಾದದ್ದೇ ಸಾಕು ಅಂತ ಮನೆಗೆ ಹೋಗಬೇಡಮ್ಮಾ. ನಾನೂ ವರ್ಷಗಟ್ಟಲೆ ಹಾಗೆ ಮಾಡಿದವನೇ. ನಿನ್ನ ಟೆಸ್ಟು ಒಂಟಿ ಮನೆಯಲ್ಲಿದ್ದೇನೆ ಅಂದುಕೊಂಡು ವಠಾರದಲ್ಲಿ ಸಂಸಾರ ಹೂಡಿದೆ.

8080 ಅಂತ ಪೋರ್ಟ್ ಸಂಖ್ಯೆಯನ್ನು ಕೋಡಿನಲ್ಲೇ ಬರೆದಿದ್ದೀಯಾ? ಪೋರ್ಟ್ 0 ಕೇಳು. ಖಾಲಿ ಇರುವುದೊಂದನ್ನು ಆಪರೇಟಿಂಗ್ ಸಿಸ್ಟಮ್ಮೇ ಹುಡುಕಿ ಕೊಡುತ್ತದೆ. ಟೆಂಪ್ ಫೋಲ್ಡರಿನಲ್ಲಿ ಎಲ್ಲವೂ ಒಂದೇ ಹೆಸರಿನ ಫೈಲಿಗೆ ಬರೆಯುತ್ತಿದ್ದರೆ ತಲಾ ಒಂದು ಫೋಲ್ಡರ್ ಮಾಡಿಕೊಡು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮುಗಿಯದೆ ಉಳಿಯುವುದು, ಟೆಸ್ಟುಗಳೆಲ್ಲ ಸರದಿಯಲ್ಲಿ ಬಳಸುವ ಲ್ಯಾಬಿನ ಬೋರ್ಡುಗಳ ಜಗಳ. ನಾನು ಬೆಳೆದ ವಠಾರದಲ್ಲಿ ಏಳು ಮನೆಗೆ ಒಂದೇ ಬಚ್ಚಲು. ಬೆಳಗ್ಗೆ ಸಾಲಿನಲ್ಲಿ ಬಕೆಟ್ ಇಟ್ಟು ಕೆಲವರು ಕಾಫಿಗೆ ಹೋಗಿಬಿಡುತ್ತಿದ್ದರು. ಬಕೆಟ್ ಇದ್ದರೆ ಸರದಿ ಇದ್ದ ಹಾಗೆ, ಆಸಾಮಿ ಊರಿಗೇ ಹೋಗಿದ್ದರೂ! ನಮ್ಮ ತಂಡದ ಲಾಕ್ ಫೈಲೂ ಇದೇ ಜಾತಿ: ಫೈಲ್ ಇದ್ದರೆ ಬೋರ್ಡ್ ಬಿಜಿ. ಒಂದು ಶುಕ್ರವಾರ ರಾತ್ರಿ ಟೆಸ್ಟು ನಡುವೆಯೇ ಸತ್ತಿತು, ಫೈಲ್ ಅಳಿಸುವವರಿಲ್ಲ. ಸೋಮವಾರ ಬಂದು ನೋಡಿದರೆ ಬೋರ್ಡು ಹಸಿರು ದೀಪ ಮಿಣುಕಿಸುತ್ತ ಸುಮ್ಮನೆ ಕೂತಿದೆ, ಹಿಂದೆ ನಲವತ್ತು ಟೆಸ್ಟು ಸಾಲುಗಟ್ಟಿವೆ. ಬಕೆಟ್ ಬೇಡ, ಒಳಗಿನಿಂದ ಹಾಕುವ ಚಿಲಕ ಬೇಕು. ಲಿನಕ್ಸಿನ ಎಫ್‌ಲಾಕ್ ಅಂಥದ್ದು; ಹಿಡಿದ ಪ್ರಾಸೆಸ್ ಸತ್ತರೆ ಕರ್ನಲ್ಲೇ ಬಿಡಿಸುತ್ತದೆ. ಅದರಲ್ಲೂ ಒಂದು ಕೊಕ್ಕೆ ಇದೆ: ತೆರೆದ ಆ ಫೈಲು ಮರಿ ಪ್ರಾಸೆಸ್‌ಗೆ ದಾಟಿಹೋಗಿದ್ದರೆ, ಮರಿ ಬದುಕಿರುವವರೆಗೂ ಚಿಲಕ ಬಿಚ್ಚದು. ನನಗೆ ಇದು ತಿಳಿಯಲು ಒಂದು ವಾರ ಹಿಡಿಯಿತು.

ಇನ್ನು ಯಾರು ಮೊದಲು ಅನ್ನುವುದು. ಮೂರು ಬೋರ್ಡು, 40 ನಿಮಿಷದ ಟೆಸ್ಟು ಒಂದು, 5 ನಿಮಿಷದವು 16 ಅಂತಿಟ್ಟುಕೋ. ದೊಡ್ಡದನ್ನು ಕೊನೆಗೆ ಬಿಟ್ಟರೆ ಒಟ್ಟು 65 ನಿಮಿಷ. ಎರಡು ಬೋರ್ಡು ಕೈಕಟ್ಟಿ ನೋಡುತ್ತಿರುತ್ತವೆ. ದೊಡ್ಡದನ್ನು ಮೊದಲೇ ಹತ್ತಿಸಿದರೆ 40ಕ್ಕೆ ಎಲ್ಲ ಮುಗಿದಿರುತ್ತದೆ. ಒಂದನ್ನೊಂದು ಕಾಯದ ಕೆಲಸಗಳನ್ನು ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ ಹಂಚುತ್ತ ಹೋದರೆ, ಅತ್ಯುತ್ತಮ ಹಂಚಿಕೆಗೆ ಹಿಡಿಯುವ ಹೊತ್ತಿನ ಮೇಲೆ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಂದೂ ಮೀರದು ಅಂತ ಬೆಲ್ ಲ್ಯಾಬ್ಸಿನ ರೊನಾಲ್ಡ್ ಗ್ರಹಾಂ 1969ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಯಾವುದು ದೊಡ್ಡದು ಅಂತ ಊಹಿಸಬೇಕಾಗಿಲ್ಲ, ನಿನ್ನೆಯ ಲಾಗಿನಲ್ಲೇ ಇದೆ.

ಬೋರ್ಡ್ ಬೇಡದೆ ಮೆಷೀನಿನಲ್ಲೇ ಓಡುವ ಟೆಸ್ಟುಗಳಾದರೆ, ಕೋರ್ 16 ಇವೆ ಅಂತ ಹದಿನಾರು ಟೆಸ್ಟನ್ನು ಒಟ್ಟಿಗೆ ಬಿಡಬೇಡ. ತಲಾ 3 ಜಿಬಿ ತಿಂದರೆ 48 ಆಯಿತು, ಮೆಷೀನಿನಲ್ಲಿರುವುದು 32. ಕರ್ನಲ್ ಯಾವುದೋ ಒಂದನ್ನು ಕೊಲ್ಲುತ್ತದೆ, ಎಕ್ಸಿಟ್ ಕೋಡ್ 137 ಬರುತ್ತದೆ, ನೀನು ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೀಯ. ವೇಗ ಅಳೆಯುವ ಟೆಸ್ಟಿಗಂತೂ ಮೆಷೀನನ್ನು ಪೂರ್ತಿ ಬಿಟ್ಟುಕೊಡು. ಇಲ್ಲದಿದ್ದರೆ ಪಕ್ಕದ ಮನೆಯ ಗ್ರೈಂಡರ್ ತಿರುಗುತ್ತಿರುವಾಗ ತಂಬೂರಿ ಶ್ರುತಿ ಮಾಡಿದ ಹಾಗಾಗುತ್ತದೆ.

ನಾಳೆ ಲ್ಯಾಬಿಗೆ ಹೋದ ಕೂಡಲೇ ಲಾಕ್ ಫೈಲುಗಳ ತಾರೀಕು ನೋಡು. ಹಳೆಯದು ಸಿಕ್ಕರೆ, ಯಾರನ್ನಾದರೂ ಬೈಯುವ ಮೊದಲು, ಯಾರ ಹೆಸರಿನಲ್ಲಿದೆ ಅಂತಲೂ ನೋಡು.