ಸೈಕಲ್ಲಿನ ಬಿಡಿಭಾಗಗಳೂ ಗೃಹಸ್ಥನ ಲೆಕ್ಕವೂ

ಮಿತವಾದ ವರಮಾನದಲ್ಲಿ ಸಂಸಾರವನ್ನು ತೂಗಿಸಿಕೊಂಡು ಹೋಗತಕ್ಕ ಗೃಹಸ್ಥನು, ಒಮ್ಮೆಗೇ ದೊಡ್ಡ ಮೊತ್ತವನ್ನು ಬೇಡುವ ವೆಚ್ಚಕ್ಕೆ ಹೇಗೂ ಹತ್ತು ಸಲ ಯೋಚಿಸುತ್ತಾನೆ. ಅವನು ವಿಶೇಷ ಎಚ್ಚರದಿಂದ ನೋಡಬೇಕಾದುವು, ಬಿಡಿಬಿಡಿಯಾಗಿ ಬಂದು, ಪ್ರತಿಯೊಂದೂ ತನ್ನಷ್ಟಕ್ಕೆ ನ್ಯಾಯವಾದುದೆಂದು ತೋರಿ, ವರ್ಷದ ಕೊನೆಯಲ್ಲಿ ಕೂಡಿಸಿದಾಗ ಮೂಲ ವಸ್ತುವಿನ ಬೆಲೆಯನ್ನೇ ಮೀರಿ ನಿಲ್ಲುವ ವೆಚ್ಚಗಳು. ಆರಂಭದ ದರ್ಜೆಯ ರೋಡ್ ಬೈಕನ್ನು ಕೊಂಡವರು ಅದರ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸಿ ಮೇಲಿನ ದರ್ಜೆಗೆ ಏರಿಸುವ ಕಾರ್ಯವು ಇದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟವಾದ ನಿದರ್ಶನ.

ನನ್ನ ಸೈಕಲ್ಲಿಗೆ ಕೊಳ್ಳುವಾಗ 48,000 ರೂಪಾಯಿ ಬಿದ್ದಿತು. ಅಲ್ಯೂಮಿನಿಯಂ ಫ್ರೇಮು, ರಿಮ್ಮನ್ನು ಹಿಡಿಯುವ ಬ್ರೇಕು, ಹಿಂದೆ ಎಂಟು ಹಲ್ಲುಚಕ್ರಗಳ ಶಿಮಾನೋ ಕ್ಲಾರಿಸ್ ಗೇರು. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟು ದೇವನಹಳ್ಳಿಯ ದಾರಿ ಹಿಡಿದು ನಂದಿಬೆಟ್ಟದ ಬುಡವನ್ನು ಮುಟ್ಟುವುದಕ್ಕೆ ಇಷ್ಟು ಧಾರಾಳವಾಗಿ ಸಾಕು. ಸಾಲದೆಂಬ ಭಾವನೆ ಹುಟ್ಟುವುದು ಹಿಂದಿರುಗುವಾಗ, ಹೋಟೆಲಿನ ಗೋಡೆಗೆ ಸಾಲಾಗಿ ಒರಗಿಸಿಟ್ಟ ಗೆಳೆಯರ ಸೈಕಲ್ಲುಗಳನ್ನು ನೋಡುತ್ತ ಇಡ್ಲಿ ತಿನ್ನುವಾಗ. 1921ರಲ್ಲಿ ಜಪಾನಿನ ಸಕಾಯ್ ಪಟ್ಟಣದಲ್ಲಿ ಫ್ರೀವೀಲ್ ತಯಾರಿಕೆಯಿಂದ ಮೊದಲಾದ ಶಿಮಾನೋ ಸಂಸ್ಥೆಯು ತನ್ನ ಗೇರುಗಳನ್ನು ಸೋಪಾನಕ್ರಮದಲ್ಲಿ ಜೋಡಿಸಿದೆ: ನಾನು ಕೊಂಡ ಕಾಲಕ್ಕೆ ಕ್ಲಾರಿಸ್‌ಗೆ ಎಂಟು ಚಕ್ರ, ಸೋರಾಕ್ಕೆ ಒಂಬತ್ತು, ಟಿಯಾಗ್ರಾಕ್ಕೆ ಹತ್ತು, ಅದರ ಮೇಲಿನ 105ಕ್ಕೆ ಹನ್ನೊಂದು. ಕೆಳಗಿನ ಮೆಟ್ಟಿಲಲ್ಲಿ ನಿಂತವನ ಕಣ್ಣು ತಾನಾಗಿ ಮೇಲಕ್ಕೆ ಹೋಗುವುದು ಸಹಜವಾದದ್ದು.

ನಾನೂ ಒಂದು ರಾತ್ರಿ ಕುಳಿತು 105ರ ಪಟ್ಟಿಯನ್ನು ಬರೆದೆ. ಶಿಫ್ಟರ್ ಜೋಡಿಗೆ 14,000, ಹಿಂದಿನ ಮತ್ತು ಮುಂದಿನ ಡಿರೇಲರುಗಳಿಗೆ 8,000, ಕ್ರ್ಯಾಂಕಿಗೆ 9,000, ಕ್ಯಾಸೆಟ್ ಹಾಗೂ ಚೈನಿಗೆ 7,000. ಅಲ್ಲಿಗೇ ಮುಗಿಯಲಿಲ್ಲ. ಎಂಟು, ಒಂಬತ್ತು, ಹತ್ತು ಚಕ್ರಗಳ ಕ್ಯಾಸೆಟ್ಟುಗಳು ಕೂರುವ ಹಬ್‌ನ ಮೇಲೆ ರೋಡ್ ಬೈಕಿನ ಹನ್ನೊಂದು ಚಕ್ರಗಳ ಕ್ಯಾಸೆಟ್ಟು ಸಾಮಾನ್ಯವಾಗಿ ಕೂರುವುದಿಲ್ಲ, ಅದಕ್ಕೆ 1.85 ಮಿಲಿಮೀಟರಿನಷ್ಟು ಅಧಿಕ ಅಗಲ ಬೇಕು. ಆದಕಾರಣ ಹೊಸ ಚಕ್ರಗಳಿಗೆ 12,000, ಕೇಬಲ್ಲು ಮತ್ತು ಕೂಲಿಗೆ 2,000. ಕೌಪೀನವನ್ನು ಇಲಿಯಿಂದ ಕಾಪಾಡಲು ಬೆಕ್ಕನ್ನೂ, ಬೆಕ್ಕಿನ ಹಾಲಿಗಾಗಿ ಹಸುವನ್ನೂ ತಂದ ಸಂನ್ಯಾಸಿಯ ಕಥೆಯಂತೆ, ಶಿಫ್ಟರಿನಿಂದ ಮೊದಲಾದದ್ದು ಚಕ್ರದವರೆಗೆ ಬೆಳೆದು 52,000ಕ್ಕೆ ಬಂದು ನಿಂತಿತು.

ಈ ಮೊತ್ತ ದೊಡ್ಡದೆಂಬುದಷ್ಟೇ ಇಲ್ಲಿನ ಆಕ್ಷೇಪವಲ್ಲ. ಸೈಕಲ್ ತಯಾರಕನು ಗೇರುಗಳನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಗಟು ದರಕ್ಕೆ ಕೊಳ್ಳುವವನಾದುದರಿಂದ, ಪೂರ್ಣ ಸೈಕಲ್ಲಿನೊಳಗೆ ಸೇರಿ ಬರುವ ಬಿಡಿಭಾಗವು ಅಂಗಡಿಯ ಕಪಾಟಿನಿಂದ ಒಂದೊಂದಾಗಿ ಇಳಿಯುವ ಅದೇ ಬಿಡಿಭಾಗಕ್ಕಿಂತ ಬಹಳ ಅಗ್ಗವಾಗಿ ನಮಗೆ ದಕ್ಕುತ್ತದೆ. ಮೇಲಾಗಿ, ಹಳೆಯ ಸೈಕಲ್ಲನ್ನು ಮಾರುವ ದಿನ ಕೊಳ್ಳುವವನು ಕೇಳುವುದು ಫ್ರೇಮಿನ ಹೆಸರನ್ನೂ ವರ್ಷವನ್ನೂ. ನಾವು ಸೇರಿಸಿದ ಗೇರಿಗೆ ಅವನು ಕೊಡುವ ಬೆಲೆ ಅತ್ಯಲ್ಪ. ನನ್ನದನ್ನು ಹಾಗೆಯೇ ಮಾರಿದರೆ 25,000 ಬರುತ್ತಿತ್ತು. ಅದಕ್ಕೆ ಆ 52,000 ಸೇರಿಸಿದರೆ 77,000 ರೂಪಾಯಿಗೆ ಟಿಯಾಗ್ರಾ ದರ್ಜೆಯ, ಇನ್ನೂ ಉತ್ತಮವಾದ ಫ್ರೇಮುಳ್ಳ, ಗ್ಯಾರಂಟಿಯೂ ಹೊಸದಾಗಿರುವ ಸೈಕಲ್ಲೇ ದೊರೆಯುವಂತಿತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದದ್ದು ಸಂತೋಷದ ಸಂಗತಿಯೇ. ಆದರೆ ಬಿಡಿಭಾಗಗಳ ಮೇಲಿನ ತೆರಿಗೆಯೂ ಅಂತೆಯೇ ಇಳಿದಿರುವುದರಿಂದ ಪೂರ್ಣಕ್ಕೂ ಬಿಡಿಗೂ ಇರುವ ಈ ತಾರತಮ್ಯ ಅದರಿಂದ ಅಳಿಯಲಿಲ್ಲ. ಗೇರಿನ ಮೆಟ್ಟಿಲನ್ನು ಏರಬೇಕೆಂದಿರುವವನು ಸೈಕಲ್ಲನ್ನೇ ಬದಲಿಸಲಿ, ಇಲ್ಲವೇ ಇರುವುದರಲ್ಲಿ ಸುಖವಾಗಿ ತಿರುಗಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಎರಡನೆಯದನ್ನು ಆರಿಸಿಕೊಂಡೆ.

ಹಾಗೆಂದು ಯಾವುದನ್ನೂ ಬದಲಿಸಕೂಡದೆಂದು ನಾನು ಹೇಳುತ್ತಿಲ್ಲ. ಆರಂಭದ ದರ್ಜೆಯ ಸೈಕಲ್ಲುಗಳಲ್ಲಿ ತಯಾರಕನು ಮೊದಲು ಕೈ ಬಿಗಿಹಿಡಿಯುವುದು ಟೈರಿನಲ್ಲಿ, ಏಕೆಂದರೆ ಅಂಗಡಿಯಲ್ಲಿ ನಿಂತು ನೋಡುವವನಿಗೆ ಟೈರಿನ ಗುಣ ಕಾಣುವುದಿಲ್ಲ. ಸವಾರನೂ ಸೈಕಲ್ಲೂ ಸೇರಿ 85 ಕಿಲೋ ಎಂದಿಟ್ಟುಕೊಳ್ಳೋಣ. ಸಾಧಾರಣ ಟೈರಿನ ಉರುಳುವಿಕೆಯ ಘರ್ಷಣಾಂಕ 0.007 ಆಗಿದ್ದು ಒಳ್ಳೆಯದರದು 0.004 ಆದರೆ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಉಳಿಯುವ ಶ್ರಮ ಸುಮಾರು 17 ವಾಟ್. ಸಮತಟ್ಟಿನ ರಸ್ತೆಯಲ್ಲಿ ನನ್ನಂಥವನು ಹಾಕುವ ಒಟ್ಟು ಶ್ರಮ 130 ವಾಟ್ ಇದ್ದೀತು. ಎಂಟರಲ್ಲಿ ಒಂದು ಭಾಗಕ್ಕೂ ಮಿಗಿಲಾದ ಈ ಉಳಿತಾಯವನ್ನು ಬೇರೆ ಯಾವ ಬಿಡಿಭಾಗವೂ ಇಷ್ಟು ಕಡಮೆ ಹಣಕ್ಕೆ ಕೊಡಲಾರದು. ಹಳೆಯ ಟೈರು ಸವೆಯುವ ತನಕ ಕಾಯ್ದು, 2,400ರ ಸಾಧಾರಣ ಜೋಡಿಯ ಬದಲು 7,000ದ ಒಳ್ಳೆಯ ಜೋಡಿಯನ್ನು ಕೊಂಡೆನಾಗಿ, ಆ ಸುಧಾರಣೆಗೆ ನಾನು ನಿಜವಾಗಿ ತೆತ್ತದ್ದು 4,600 ಮಾತ್ರ. ಫ್ರೇಮಿನಲ್ಲಿ ಎಡೆಯಿದ್ದುದರಿಂದ 25 ಮಿಲಿಮೀಟರಿನ ಬದಲು 28ರ ಅಗಲವನ್ನು ಆರಿಸಿ, ಗಾಳಿಯನ್ನು ತುಸು ಕಡಮೆ ತುಂಬಿದೆ. ರಸ್ತೆಯ ಹೊಡೆತ ಕೈಗಳಿಗೆ ಬರುವುದು ಎಷ್ಟೋ ತಗ್ಗಿತು. ಬ್ರೇಕ್ ಪ್ಯಾಡುಗಳ ವಿಷಯದಲ್ಲಿ ಮಾತ್ರ ಸವೆಯುವ ತನಕ ಕಾಯಲಿಲ್ಲ. ಮಳೆ ಬಿದ್ದ ದಿನ ನಂದಿಯ ನಲವತ್ತು ತಿರುವುಗಳನ್ನು ಇಳಿಯಬೇಕಾದವನು ಸಾವಿರ ರೂಪಾಯಿಯ ಪ್ಯಾಡಿನಲ್ಲಿ ಚೌಕಾಶಿ ಮಾಡಕೂಡದು.

ಭಾರದ ಮಾತನ್ನು ಬಹಳ ಕೇಳುತ್ತೇವೆ. ಸ್ಪರ್ಧೆಯ ಸೈಕಲ್ಲು 6.8 ಕಿಲೋಕ್ಕಿಂತ ಹಗುರಾಗಿರಬಾರದೆಂದು ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವೇ ನಿಯಮ ಮಾಡಬೇಕಾಗಿ ಬಂದಿರುವಷ್ಟು ಆ ಲೋಕದಲ್ಲಿ ಹಗುರದ ಹಂಬಲ ಪ್ರಬಲವಾದದ್ದು. ಆದರೆ 85 ಕಿಲೋದಲ್ಲಿ ಒಂದು ಕಿಲೋ ತಗ್ಗಿದರೆ ಏರುಹಾದಿಯಲ್ಲಿ ಉಳಿಯುವ ಕಾಲ ಶೇಕಡಾ 1.2 ಮಾತ್ರ. ನಂದಿಯನ್ನು 40 ನಿಮಿಷದಲ್ಲಿ ಏರುವವನಿಗೆ ಅದು ಅರ್ಧ ನಿಮಿಷಕ್ಕೂ ಕಡಮೆ. ಅರ್ಧ ಕಿಲೋ ತಗ್ಗಿಸುವ ಕಾರ್ಬನ್ ಚಕ್ರಗಳಿಗೆ 45,000 ಕೊಡುವವನು ಹದಿನಾಲ್ಕು ಸೆಕೆಂಡುಗಳನ್ನು ಕೊಳ್ಳುತ್ತಾನೆ. ಸ್ಪರ್ಧಾಳುವಿಗೆ ಆ ಹದಿನಾಲ್ಕು ಸೆಕೆಂಡು ಅಮೂಲ್ಯವಾದೀತು, ಭಾನುವಾರದ ಸವಾರನಾದ ನನಗೆ ಅಲ್ಲ. ಸಮತಟ್ಟಿನಲ್ಲಂತೂ ಎದುರಾಳಿಯೆಂದರೆ ಗಾಳಿಯೇ: ಅದನ್ನು ಸೀಳುವುದಕ್ಕೆ ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಬೆಳೆಯುತ್ತದೆ. ಮೈಗೆ ಹತ್ತುವ ಅಂಗಿಯನ್ನು ತೊಟ್ಟು, ಹ್ಯಾಂಡಲಿನ ಕೆಳಗಿನ ಬಾಗನ್ನು ಹಿಡಿದು ಬಗ್ಗಿ ಸಾಗುವ ಅಭ್ಯಾಸಕ್ಕೆ ಹಣವೇ ಬೇಡ.

ಇನ್ನು ಚೈನು. ಒಳ್ಳೆಯ ಚೈನಿಗಿಂತಲೂ ಸಕಾಲದಲ್ಲಿ ಬದಲಿಸಿದ ಚೈನು ಮೇಲು. ಇದನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ. ಅಂಗುಲದ ಗುರುತುಗಳಿರುವ ಉಕ್ಕಿನ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ. ಇಪ್ಪತ್ತನಾಲ್ಕು ಕೊಂಡಿಗಳ ಉದ್ದ ಸರಿಯಾಗಿ ಹನ್ನೆರಡು ಅಂಗುಲ. ಅದು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಿದಾಗ ಚೈನನ್ನು ಬದಲಿಸತಕ್ಕದ್ದು. ಎಂಟನೆಯ ಒಂದು ಭಾಗದವರೆಗೆ ಬಿಟ್ಟರೆ ಕ್ಯಾಸೆಟ್ಟಿನ ಹಲ್ಲುಗಳನ್ನೂ ಅದು ತಿಂದಿರುತ್ತದೆ. ನನ್ನ ಎಂಟು ಗೇರಿನ ಚೈನಿಗೆ 1,100 ರೂಪಾಯಿ. ಅದು ಮೂರೂವರೆ ಸಾವಿರ ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ ಸುಮಾರು 30 ಪೈಸೆ. ಮನೆಯ ಖರ್ಚಿನ ಪುಸ್ತಕದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಪುಟವಿಟ್ಟು, ಚೈನು, ಟೈರು, ಪ್ಯಾಡು, ಕೇಬಲ್ಲುಗಳ ಸವಕಳಿಯನ್ನು ಹೀಗೆ ಪೈಸೆಗಳಲ್ಲಿ ಬರೆದು, ತಿಂಗಳಿಗೆ 600 ರೂಪಾಯಿಯನ್ನು ಬ್ಯಾಂಕಿನ ಬೇರೆ ಖಾತೆಗೆ ಹಾಕುತ್ತೇನೆ. ಕಂತಿನ ಸಾಲವನ್ನು ಯಾವ ಬಿಡಿಭಾಗಕ್ಕೂ ತೆಗೆದುಕೊಂಡಿಲ್ಲ. ಬಡ್ಡಿಯಿಲ್ಲವೆಂದು ಹೇಳಿಕೊಂಡು ಬರುವ ಕಂತನ್ನೂ ಸಹ.

ಈಗ ಹಿಂದಿನ ಚಕ್ರದ ರಿಮ್ಮು ಬ್ರೇಕಿನ ಒರೆತದಿಂದ ಒಳಕ್ಕೆ ಕುಳಿಬಿದ್ದಿದೆ. ಸ್ಕೇಲಿನ ಅಂಚನ್ನು ಅದರ ಮೇಲೆ ಇಟ್ಟರೆ ನಡುವೆ ಬೆಳಕು ತೂರುತ್ತದೆ. ಮುಂಗಾರಿಗೆ ಮುನ್ನ ಆ ಚಕ್ರವನ್ನು ಬದಲಿಸಲೇಬೇಕು, ಖಾತೆಯಲ್ಲಿ ಅದಕ್ಕೆ ಹಣವೂ ಇದೆ. ಹನ್ನೊಂದು ಗೇರಿನ ಹಬ್ ಉಳ್ಳ ಚಕ್ರಕ್ಕೆ ಸುಮಾರು 800 ರೂಪಾಯಿ ಹೆಚ್ಚು ಬೀಳುತ್ತದೆ, 1.85 ಮಿಲಿಮೀಟರಿನ ಒಂದು ಬಳೆಯನ್ನು ಒಳಗಿಟ್ಟರೆ ನನ್ನ ಎಂಟರ ಕ್ಯಾಸೆಟ್ಟೇ ಅದರ ಮೇಲೆ ನೇರವಾಗಿ ಕೂರುತ್ತದೆ. ಆ 800 ರೂಪಾಯಿಯನ್ನು ಕೊಡುವುದೆಂದು ನಿಶ್ಚಯಿಸಿ, ಅಂಗಡಿಯವರಿಗೆ ಹೇಳಿಬಂದಿದ್ದೇನೆ.